1985ರ ಟೊಯೋಟಾ ಪಿಕಪ್‌ಗೆ 4 ಇಂಚಿನ ಲಿಫ್ಟ್ (ಗಾಡಿ ಎತ್ತರಿಸುವುದು): ಕಿಟ್ ಜೊತೆ ಇನ್ನೇನು ಬೇಕು?

ಹಳೆಗಾಡಿ85:
ನಮಸ್ಕಾರ. ಅಮೆರಿಕದ 1985ರ ಟೊಯೋಟಾ ಫೋರ್ ಬೈ ಫೋರ್ ಪಿಕಪ್, 22ಆರ್‌ಇ ಇಂಜಿನ್, ಹಿಂದೆ ಮುಂದೆ ಲೀಫ್ ಸ್ಪ್ರಿಂಗ್. ಕಿಟ್‌ನಲ್ಲಿ ನಾಲ್ಕು ಸ್ಪ್ರಿಂಗ್, ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಪಟ್ಟಿ), ಬುಷ್, ಯು ಬೋಲ್ಟ್ (ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವುದು), ಶಾಕ್ ಅಬ್ಸಾರ್ಬರ್ ಇವೆ. 33 ಇಂಚಿನ ಟೈರ್ ಹಾಕಬೇಕು. ಬ್ರೇಕು, ಸ್ಟಿಯರಿಂಗಿಗೆ ಏನು ಮಾಡಬೇಕು? ಸ್ಪ್ರಿಂಗ್ ಬದಲು ಬ್ಲಾಕ್ (ಆಕ್ಸಲ್, ಸ್ಪ್ರಿಂಗ್ ನಡುವೆ ಇಡುವ ಲೋಹದ ದಿಮ್ಮಿ) ಕೊಟ್ಟರೆ ಆಗುತ್ತಾ?

ಬೆಂಚ್‌ವೈಸ್:
ಮೊದಲು ಬ್ರೇಕ್ ನೋಡಿ ಸರ್. ಚಾಸಿಯಿಂದ ಆಕ್ಸಲ್‌ಗೆ ಇಳಿಯುವ ಹೋಸ್‌ಗಳೆಲ್ಲ ಉದ್ದದವೇ ಬೇಕು. ಹಳೆಯದು ಸಾಕು ಅನಿಸುತ್ತೆ, ಆದರೆ ಒಂದು ಚಕ್ರ ಗುಂಡಿಗೆ ಪೂರ್ತಿ ಜೋತುಬಿದ್ದಾಗ ಎಳೆದು ಕಿತ್ತುಬರುತ್ತೆ. ಆಕ್ಸಲ್ ಒಳಗಿನ ಗಾಳಿ ಆಡಲು ಇರುವ ಬ್ರೀದರ್ ಪೈಪನ್ನೂ ಉದ್ದ ಮಾಡಿ. ಅದು ಕಳಚಿಕೊಂಡರೆ ಹೊಳೆ ದಾಟುವಾಗ ಡಿಫರೆನ್ಷಿಯಲ್ ಆಯಿಲ್‌ಗೆ ನೀರು ಸೇರುತ್ತೆ.

ಎಲ್ಲರೂ ಮರೆತುಬಿಡುವುದು ಹಿಂದಿನ ಲೋಡ್ ಸೆನ್ಸಿಂಗ್ ವಾಲ್ವ್, ಅಂದರೆ ಹೊರೆ ನೋಡಿ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್. ಅದರ ಕಡ್ಡಿ ಹಿಂದಿನ ಆಕ್ಸಲ್‌ಗೆ ಸೇರಿದೆ. ಚಾಸಿ 4 ಇಂಚು ಎದ್ದರೆ ವಾಲ್ವ್ ಪಾಲಿಗೆ ಗಾಡಿ ಖಾಲಿ ಇದ್ದಂತೆ, ಹಿಂದಿನ ಬ್ರೇಕಿನ ಒತ್ತಡ ಕಡಿಮೆ ಮಾಡಿಬಿಡುತ್ತೆ. ಕಡ್ಡಿ ಕೂರುವ ಬ್ರ್ಯಾಕೆಟ್ಟನ್ನು ಆಕ್ಸಲ್ ಮೇಲೆ ಅಷ್ಟೇ 4 ಇಂಚು ಎತ್ತರಿಸಿ. ಬ್ರೇಕ್ ಪೈಪಿನ ಏರ್ ತೆಗೆಯುವಾಗ ಆ ವಾಲ್ವ್‌ನ ಬ್ಲೀಡರ್ ಸ್ಕ್ರೂ ಸಡಿಲಿಸಿ ಅಲ್ಲಿಂದಲೂ ಏರ್ ತೆಗೆಯಬೇಕು.

ಇನ್ನು ಯು ಬೋಲ್ಟ್: ಹಳೆಯದು ಒಮ್ಮೆ ಹಿಗ್ಗಿರುತ್ತೆ, ಮತ್ತೆ ಹಾಕಬೇಡಿ. ಸುಮಾರು 90 ಅಡಿ-ಪೌಂಡ್ ಟಾರ್ಕ್, ಅಡ್ಡ ಮೂಲೆ ಹಿಡಿದು ಸ್ವಲ್ಪ ಸ್ವಲ್ಪವೇ. ಸ್ಪ್ರಿಂಗಿನ ಸೆಂಟರ್ ಬೋಲ್ಟ್ ತಲೆ ಆಕ್ಸಲ್ ಪ್ಯಾಡ್‌ನ ತೂತಿನಲ್ಲಿ ಕೂತಿದೆಯಾ ಅಂತ ಕೈಯಲ್ಲೇ ಮುಟ್ಟಿ ನೋಡಿ, ಕೂರದಿದ್ದರೆ ಆಕ್ಸಲ್ ಸೊಟ್ಟಗಾಗುತ್ತೆ. ಸ್ಪ್ರಿಂಗ್ ಕಣ್ಣು, ಶ್ಯಾಕಲ್ ಬೋಲ್ಟ್‌ಗಳನ್ನು ಮಾತ್ರ ಗಾಡಿ ತನ್ನ ಚಕ್ರದ ಮೇಲೆ ನಿಂತ ಮೇಲೆ ಬಿಗಿ ಮಾಡಿ. ಜೋತಾಡುವಾಗಲೇ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡು ಹರಿಯುತ್ತೆ. ನಾಲ್ಕೈದು ನೂರು ಮೈಲಿ ಓಡಿದ ಮೇಲೆ ಎಲ್ಲಕ್ಕೂ ಮತ್ತೆ ಟಾರ್ಕ್ ಕೊಡಿ.

ಕಲ್ಲುದಾರಿ:
ಸ್ಟಿಯರಿಂಗ್ ಬಗ್ಗೆ. ಈ ಗಾಡಿಯಲ್ಲಿ ಡ್ರ್ಯಾಗ್ ಲಿಂಕ್ (ಸ್ಟಿಯರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆ ಹೋಗುವ ಕಡ್ಡಿ) ಮುಂದಿನಿಂದ ಹಿಂದಕ್ಕೆ, ಎಡ ಸ್ಟಿಯರಿಂಗ್ ನಕಲ್‌ಗೆ (ಚಕ್ರ ಹಿಡಿದು ತಿರುಗಿಸುವ ಭಾಗ) ಹೋಗುತ್ತದೆ. ಗಾಡಿ ಎದ್ದಷ್ಟೂ ಅದರ ಇಳಿಜಾರು ಹೆಚ್ಚು. ಆಗ ಹಳ್ಳ ಸಿಕ್ಕಾಗಲೆಲ್ಲ ಚಕ್ರ ತಾನಾಗಿ ತಿರುಗುತ್ತದೆ. 4 ಇಂಚಿಗೆ ಎತ್ತರಿಸಿದ ಸ್ಟಿಯರಿಂಗ್ ಆರ್ಮ್ ಸಾಕು. ಅದಕ್ಕಿಂತ ಮೇಲೆ ಹೋದರೆ 1986–95ರ ಗಾಡಿಯ ಸ್ಟಿಯರಿಂಗ್ ಬಾಕ್ಸ್ ತಂದು ಕ್ರಾಸ್‌ಓವರ್ (ಡ್ರ್ಯಾಗ್ ಲಿಂಕ್ ಅಡ್ಡಲಾಗಿ ಬಲಗಡೆ ಹೋಗುವಂತೆ) ಮಾಡಿ, ಬಾಕ್ಸ್ ಕೂರುವಲ್ಲಿ ಚಾಸಿಗೆ ಪ್ಲೇಟ್ ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ಅಲ್ಲೇ ಬಿರುಕು ಬಿಡುತ್ತದೆ.

ಬ್ಲಾಕ್ ಮುಂದೆ ಖಂಡಿತ ಬೇಡ. ಹಿಂದೆಯೂ ನಾನು ಒಪ್ಪುವುದಿಲ್ಲ: ಲೋ ರೇಂಜ್‌ನಲ್ಲಿ (ನಿಧಾನಕ್ಕೆ ಹೆಚ್ಚು ಎಳೆತ ಕೊಡುವ ಗೇರ್) ಆಕ್ಸಲ್ ತಿರುಚಿ, ಸ್ಪ್ರಿಂಗ್ ಎಸ್ ಆಕಾರಕ್ಕೆ ಬಗ್ಗಿ, ಚಕ್ರ ಕುಣಿಯುತ್ತದೆ.

ಹಳೆಗಾಡಿ85:
ತುಂಬಾ ಥ್ಯಾಂಕ್ಸ್, ಬ್ಲಾಕ್ ಬಿಟ್ಟೆ. ಪ್ರೊಪೆಲ್ಲರ್ ಶಾಫ್ಟ್, ಗೇರ್?

ಕಲ್ಲುದಾರಿ:
ಆಕ್ಸಲ್ ಪೂರ್ತಿ ಇಳಿಬಿಟ್ಟು ಮುಂದಿನ ಶಾಫ್ಟಿನ ಸ್ಲಿಪ್ ಜಾಯಿಂಟ್ (ಉದ್ದ ಹೆಚ್ಚುಕಡಿಮೆ ಆಗುವ ಜಾರು ಕೀಲು) ಅಳೆಯಿರಿ. ಅದರ ಸ್ಪ್ಲೈನ್ ಹಲ್ಲುಗಳ ಹಿಡಿತ ಕಡಿಮೆಯಾಗಿದ್ದರೆ ಸ್ಪೇಸರ್ ಹಾಕಿ. ಹಿಂದೆ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಬಲ ಹಂಚುವ ಪೆಟ್ಟಿಗೆ) ಮತ್ತು ಪಿನಿಯನ್ (ಶಾಫ್ಟ್ ಸೇರುವ ಆಕ್ಸಲ್ ಗೇರ್) ಸಮಾನಾಂತರ ಇರಬೇಕು. ತಪ್ಪಿದರೆ ಸ್ಟೀಲ್ ಶಿಮ್ (ಓರೆ ಬಿಲ್ಲೆ) ಕೊಡಿ, ಅಲ್ಯೂಮಿನಿಯಂದು ಒಡೆಯುತ್ತದೆ. ಆಕ್ಸಲ್‌ನ 4.10 ಅನುಪಾತದ ಗೇರ್‌ಗೆ 33 ಇಂಚಿನ ಟೈರ್ ಭಾರ, 4.88 ಹಾಕಿದರೆ ಚಡಾವು ಹತ್ತುತ್ತದೆ. ಗೇರ್ ಹಾಗೇ ಬಿಟ್ಟರೆ, ಮೊದಲು 225/75ಆರ್15 ಟೈರ್ ಇದ್ದ ಗಾಡಿಯಲ್ಲಿ 33 ಹಾಕಿದ ಮೇಲೆ ಮೀಟರ್ ಗಂಟೆಗೆ 60 ಮೈಲಿ ತೋರಿಸುವಾಗ ನಿಜವಾದ ವೇಗ 70ರ ಹತ್ತಿರ.