ಆಶ್ಲೇ ವೆಸ್ಟ್‌ವುಡ್ ಆಟಗಾರನಾಗಿ ಹೇಗಿದ್ದರು?

ಐಎಸ್‌ಎಲ್ ಕಾಲದವನು:
2025ರ ಜೂನ್‌ನಲ್ಲಿ ಫುಟ್‌ಬಾಲ್‌ನಲ್ಲಿ ಹಾಂಕಾಂಗ್ ನಮ್ಮ ಭಾರತ ತಂಡವನ್ನು 1-0ರಿಂದ ಸೋಲಿಸಿತಲ್ಲ, ಅವರ ಕೋಚ್ ಹಿಂದೆ ಬೆಂಗಳೂರು ಎಫ್‌ಸಿಯಲ್ಲಿ ಇದ್ದವರಂತೆ. ಹೆಸರು ಹಾಕಿ ಹುಡುಕಿದರೆ ಬರ್ನ್ಲಿಗೆ ಆಡಿದ ಮಿಡ್‌ಫೀಲ್ಡರ್ ಬರುತ್ತಾರೆ. ಅವರೇನಾ?

ಕಾರ್ನರ್ ಕಿಕ್:
ಅಲ್ಲ. ಅವರು 1990ರಲ್ಲಿ ಹುಟ್ಟಿದವರು, ನಮ್ಮವರು 1976. ಇಬ್ಬರೂ ಇಂಗ್ಲೆಂಡಿನ ಕ್ರೂ ಅಲೆಕ್ಸಾಂಡ್ರಾ ಕ್ಲಬ್‌ಗೆ ಆಡಿದ್ದಾರೆ, ಅದಕ್ಕೇ ಇಷ್ಟು ಗೊಂದಲ.

ವೆಸ್ಟ್ ಬ್ಲಾಕ್ ಹಳಬ:
ನಮ್ಮವರು ಸ್ಟಾಪರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್. ಮ್ಯಾಂಚೆಸ್ಟರ್ ಯುನೈಟೆಡ್ ಯೂತ್ ತಂಡದಲ್ಲಿ ಬೆಳೆದರೂ ಸೀನಿಯರ್ ತಂಡಕ್ಕೆ ಆಡಲಿಲ್ಲ. ಆಮೇಲೆ ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಸ್ವಿಂಡನ್, ರೆಕ್ಸ್‌ಹ್ಯಾಮ್... ಊರೂರು ಸುತ್ತಿದ ಆಟಗಾರ. ಸ್ಟಾರ್ ಅಲ್ಲ.

2013ರಲ್ಲಿ ಇಲ್ಲಿಗೆ ಬಂದಾಗ ಕ್ಲಬ್ಬೇ ಹೊಸದು. ಕಂಠೀರವ ಅಲ್ಲ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮ್ಯಾಚ್. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದೆವು, ಆಗ ದೇಶದ ದೊಡ್ಡ ಲೀಗ್ ಅದೇ. ಗೋವಾದಲ್ಲಿ ಡೆಂಪೋಗೆ 4-2 ಹೊಡೆದು ಕಪ್ ಖಾತ್ರಿ ಮಾಡಿಕೊಂಡಿದ್ದು. ಸುನಿಲ್ ಛೆಟ್ರಿ, ರಾಬಿನ್ ಸಿಂಗ್, ಶಾನ್ ರೂನಿ ಗೋಲು ಹೊಡೆದರು ಅಂತ ಎಲ್ಲರೂ ಹೇಳುತ್ತಾರೆ. ನನಗೆ ನೆನಪಿರುವುದು ಹಿಂದೆ ನಿಂತಿದ್ದ ಜಾನ್ ಜಾನ್ಸನ್ ಮತ್ತು ಒಸಾನೊ. ಕೋಚ್ ಸ್ವತಃ ಡಿಫೆಂಡರ್ ಆಗಿದ್ದು ಅಲ್ಲಿ ಕಾಣುತ್ತಿತ್ತು. ಎಪ್ಪತ್ತು ನಿಮಿಷ ಆದಮೇಲೆ ಬೇರೆ ತಂಡದವರು ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದರು, ನಮ್ಮವರು ಓಡುತ್ತಲೇ ಇದ್ದರು.

2015ರ ಮೇ 31 ಮಾತ್ರ ಮರೆಯೋಕೆ ಆಗಲ್ಲ. ಕಂಠೀರವ, ಮೋಹನ್ ಬಗಾನ್ ಎದುರು ಕೊನೆಯ ಮ್ಯಾಚ್. ನಾವು ಗೆಲ್ಲಲೇಬೇಕು, ಅವರಿಗೆ ಡ್ರಾ ಸಾಕು. ಜಾನ್ಸನ್ ಗೋಲು ಹಾಕಿದ. 87ನೇ ನಿಮಿಷದಲ್ಲಿ ಬಗಾನ್‌ನ ಬೆಲ್ಲೊ ರಝಾಕ್ ತಲೆಯಿಂದ ಗೋಲು ಹೊಡೆದ. 1-1. ಕಾರ್ನರ್‌ನಿಂದ! ಡಿಫೆಂಡರ್ ಕೋಚ್‌ಗೆ ಇದಕ್ಕಿಂತ ಹೊಟ್ಟೆಯುರಿ ಇರುತ್ತಾ? ಮುಂದಿನ ಸೀಸನ್ ಮತ್ತೆ ಕಪ್ ತಂದೇ ಹೋದರು.

ಕಾರ್ನರ್ ಕಿಕ್:
ಸುಮ್ನೆ ದೇವರು ಮಾಡಬೇಡಿ ಸಾರ್. ಮಾಲೀಕರು ಚೆನ್ನಾಗಿ ದುಡ್ಡು ಹಾಕಿದ್ದರು, ಛೆಟ್ರಿ ಇದ್ದರು. ಆಮೇಲೆ ಮಲೇಷ್ಯಾದ ಪೆನಾಂಗ್‌ನಲ್ಲಿ ಬೇಗ ಗಂಟುಮೂಟೆ ಕಟ್ಟಿದರು. 2018ರಲ್ಲಿ ಕೋಲ್ಕತಾದ ಐಎಸ್‌ಎಲ್ ತಂಡ ಎಟಿಕೆಯಲ್ಲಿ ಕೋಚ್ ಶೆರಿಂಗಮ್ ಜಾಗಕ್ಕೆ ಬಂದರು, ಅದೇ ಸೀಸನ್ ರಾಬಿ ಕೀನ್‌ಗೆ ಬಿಟ್ಟುಕೊಟ್ಟರು.

ವೆಸ್ಟ್ ಬ್ಲಾಕ್ ಹಳಬ:
ಎಟಿಕೆ ಆಗಲೇ ಮುಳುಗಿತ್ತು, ಅದನ್ನು ಲೆಕ್ಕಕ್ಕೆ ತಗೋಬೇಡಿ. ಪೆನಾಂಗ್ ಒಪ್ಪುತ್ತೇನೆ. ಅವರಿಗೆ ಸೀಸನ್ ಶುರುವಿಗೆ ಮೊದಲೇ ಹುಡುಗರನ್ನು ತಿದ್ದೋಕೆ ಟೈಮ್ ಬೇಕು. ಆದರೆ ಅಫ್ಘಾನಿಸ್ತಾನದ ಕೋಚ್ ಆಗಿ? ಫೆಡರೇಶನ್ ಜತೆ ಜಗಳ ಆಗಿ ಮುಖ್ಯ ಆಟಗಾರರೇ ಬರಲಿಲ್ಲ. ಅಂಥ ತಂಡ ಕಟ್ಟಿಕೊಂಡು 2024ರ ಮಾರ್ಚ್‌ನಲ್ಲಿ ಗುವಾಹಟಿಗೆ ಬಂದು 2-1ರಿಂದ ಗೆದ್ದರು. ಅದು ಛೆಟ್ರಿಯ 150ನೇ ಅಂತರರಾಷ್ಟ್ರೀಯ ಮ್ಯಾಚ್. ನಮ್ಮ ಗೋಲು ಹೊಡೆದವರೂ ಅವರೇ. ತಮ್ಮ ಹಳೇ ಕ್ಯಾಪ್ಟನ್ ಮುಂದೆಯೇ ಗೆದ್ದು ಹೋದರಲ್ಲ!

ಐಎಸ್‌ಎಲ್ ಕಾಲದವನು:
ಹಾಗಾದರೆ ಎರಡು ಬೇರೆ ದೇಶದ ಕೋಚ್ ಆಗಿ ನಮ್ಮನ್ನೇ ಸೋಲಿಸಿದ್ದಾರೆ. ಇವರನ್ನು ನಾವೇ ಯಾಕೆ ಕರೆಯಲಿಲ್ಲ?

ವೆಸ್ಟ್ ಬ್ಲಾಕ್ ಹಳಬ:
ಅದನ್ನು ದೆಹಲಿಯ ಫುಟ್‌ಬಾಲ್ ಫೆಡರೇಶನ್‌ನವರನ್ನು ಕೇಳಪ್ಪ.