ಪ್ರಶ್ನೋತ್ತರ: ಸಂಸತ್ತಿಗೆ ಬೀಗ ಬಿದ್ದರೆ ಹೊರಗಿನಿಂದ ಕೇಳುವವರು ಯಾರು?

ನಿರ್ವಾಹಕರು: ಈ ಭಾನುವಾರ ನಮ್ಮ ಜೊತೆ ವಸುಧಾ ಮೇಡಂ ಇದ್ದಾರೆ. ಫ್ರೆಂಚ್ ದುಭಾಷಿ. 18 ವರ್ಷ ಸಂಸದರ ನಿಯೋಗಗಳ ಸಭೆಗಳಲ್ಲಿ ಕೆಲಸ ಮಾಡಿದ್ದಾರೆ. ಫ್ರೆಂಚ್ ಮಾತಾಡುವ ದೇಶಗಳ ಸಂಸತ್ತುಗಳು ಪರಸ್ಪರ ಹೇಗೆ ಕೆಲಸ ಮಾಡುತ್ತವೆ ಅನ್ನೋದು ಇವತ್ತಿನ ವಿಷಯ. ಕೇಳಿ.

ರಘು: ನಮಸ್ಕಾರ ಮೇಡಂ. ರಾಯಭಾರ ಕಚೇರಿ ಇದ್ದೇ ಇದೆಯಲ್ಲ, ಎಂಪಿಗಳು ಬೇರೆ ಯಾಕೆ ಹೋಗಬೇಕು? ಜನರ ದುಡ್ಡಲ್ಲಿ ಟೂರ್ ಅಷ್ಟೇ ಅಲ್ವಾ?

ವಸುಧಾ: ನಮಸ್ಕಾರ ರಘು ಅವರೇ. ಕೆಲವರಿಗೆ ಟೂರೇ, ಇಲ್ಲ ಅನ್ನೋದಿಲ್ಲ. ಆದರೆ ರಾಯಭಾರಿ ಹೇಳುವುದು ಸರ್ಕಾರದ ಮಾತು ಮಾತ್ರ. ಸಂಸದರ ನಿಯೋಗದಲ್ಲಿ ವಿರೋಧ ಪಕ್ಷದವರೂ ಇರುತ್ತಾರೆ. ಒಂದು ಸಭೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಫ್ರಿಕಾದ ಒಂದೇ ದೇಶದ ಇಬ್ಬರು ಅಕ್ಕಪಕ್ಕ ಕೂತಿದ್ದರು. ಆಡಳಿತ ಪಕ್ಷದವರು ಹಳ್ಳಿಹಳ್ಳಿಗೂ ನೀರು ಕೊಟ್ಟಿದ್ದೇವೆ ಅಂದರು. ಪಕ್ಕದ ಹೆಣ್ಣುಮಗಳು ಮೈಕ್ ಎಳೆದುಕೊಂಡು, ನನ್ನ ಕ್ಷೇತ್ರಕ್ಕೆ ಬಂದಿಲ್ಲ ಅಂದರು. ಆಡಳಿತ ಪಕ್ಷದವರು ಮೈಕ್ ಮೇಲೆ ಕೈ ಅಡ್ಡ ಇಟ್ಟರು. ಇವರು ಆ ಕೈ ಸರಿಸಿ ಮತ್ತೆ ಹೇಳಿದರು. ನಾನು ಗಾಜಿನ ಬೂತಿನಲ್ಲಿ ಕೂತು ಇಬ್ಬರ ಮಾತನ್ನೂ ಒಂದೇ ದನಿಯಲ್ಲಿ ಹೇಳಬೇಕಿತ್ತು. ರಾಯಭಾರ ಕಚೇರಿಯಲ್ಲಿ ಆ ಎರಡನೇ ಮಾತು ನಿಮಗೆ ಕೇಳಿಸುವುದೇ ಇಲ್ಲ.

ಇದು ಹಳೆಯ ಪದ್ಧತಿ. 1889ರಲ್ಲಿ ಫ್ರಾನ್ಸಿನ ಫ್ರೆಡೆರಿಕ್ ಪಾಸಿ, ಬ್ರಿಟನ್ನಿನ ವಿಲಿಯಂ ಕ್ರೀಮರ್ ಸೇರಿ ಅಂತರ ಸಂಸದೀಯ ಒಕ್ಕೂಟ ಕಟ್ಟಿದರು. ಮುಂದೆ ಇಬ್ಬರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಫ್ರೆಂಚ್ ದೇಶಗಳ ಸಂಸದರು ತಮ್ಮದೇ ಸಂಘ ಮಾಡಿಕೊಂಡದ್ದು 1967ರಲ್ಲಿ, ಲಕ್ಸೆಂಬರ್ಗ್‌ನಲ್ಲಿ. ಅದರ ಹಿಂದೆ ಸೆನೆಗಲ್ ಅಧ್ಯಕ್ಷ ಸೆಂಗೋರ್ ಇದ್ದರು. ಈಗಿನ ಹೆಸರು ಫ್ರಾಂಕೊಫೋನಿ ಸಂಸದೀಯ ಸಭೆ. ಫ್ರಾಂಕೊಫೋನಿ ಅಂದರೆ ಫ್ರೆಂಚ್ ಮಾತಾಡುವ ದೇಶಗಳ ಕೂಟ.

ಗಿರೀಶ್: ಪಾಂಡಿಚೇರಿ ಫ್ರೆಂಚರದ್ದೇ ಆಗಿತ್ತಲ್ಲ. ಹಾಗಾದರೆ ಇಂಡಿಯಾ ಇದರ ಮೆಂಬರಾ?

ವಸುಧಾ: ಅಲ್ಲ. ಪಾಂಡಿಚೇರಿ ಕಥೆ ಬೇರೆ. 1954ರ ಅಕ್ಟೋಬರ್ 18ರಂದು ಕೀಳೂರಿನಲ್ಲಿ 178 ಪ್ರತಿನಿಧಿಗಳು ಮತ ಹಾಕಿದರು. 170 ಜನ ಭಾರತಕ್ಕೆ ಸೇರೋಣ ಅಂದರು. ನಾವಿರುವುದು ಕಾಮನ್‌ವೆಲ್ತ್ ಸಂಸದೀಯ ಸಂಘದಲ್ಲಿ. ಕರ್ನಾಟಕ ವಿಧಾನಮಂಡಲವೂ ಅದರ ಒಂದು ಶಾಖೆ. 2025ರ ಸೆಪ್ಟೆಂಬರ್‌ನಲ್ಲಿ ಅದರ ಭಾರತ ವಲಯದ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು.

ಮಂಜುಳಾ: ಮೇಡಂ, ಮಗ ಪಿಯುಸಿ ಓದ್ತಿದ್ದಾನೆ. ಫ್ರೆಂಚ್ ಕಲಿತರೆ ಕೆನಡಾ ಪಿಆರ್ (ಕಾಯಂ ವಾಸ) ಗ್ಯಾರಂಟಿ ಅಂತಾರೆ, ನಿಜಾನಾ?

ವಸುಧಾ: ಅಂಕ ಸಿಗುತ್ತದೆ, ಗ್ಯಾರಂಟಿ ಅಂತ ಯಾವುದೂ ಇಲ್ಲ. ಇವತ್ತಿನ ವಿಷಯ ಅದಲ್ಲಮ್ಮ.

ಕಿರಣ್: ಮೇಡಂ, ನಾನು ರಾಜ್ಯಶಾಸ್ತ್ರದಲ್ಲಿ ಎಂಎ ಮಾಡ್ತಿದ್ದೇನೆ. ಸೈನ್ಯ ಬಂದು ಸಂಸತ್ತು ಮುಚ್ಚಿದರೆ, ಆ ದೇಶದ ಸಂಸದರಿಗೆ ಈ ಸಂಘದಲ್ಲಿ ಏನಾಗುತ್ತೆ? ದೇಶವನ್ನೇ ಹೊರಗೆ ಹಾಕಿದರೆ, ಮೊದಲೇ ಏಟು ತಿಂದವರಿಗೆ ಇನ್ನೊಂದು ಏಟು ಕೊಟ್ಟ ಹಾಗಲ್ವಾ?

ವಸುಧಾ: ಕಿರಣ್, ನಾನು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ನಿಯಮ. 2000ದ ನವೆಂಬರ್‌ನಲ್ಲಿ ಮಾಲಿಯ ಬಮಾಕೊದಲ್ಲಿ ಫ್ರಾಂಕೊಫೋನಿ ದೇಶಗಳು ಒಂದು ಘೋಷಣೆ ಒಪ್ಪಿಕೊಂಡವು. ಪ್ರಜಾಪ್ರಭುತ್ವ ಮುರಿದ ದೇಶದ ಮೇಲೆ ಕ್ರಮ ತೆಗೆದುಕೊಳ್ಳಬಹುದು ಅಂತ ಅದರಲ್ಲಿದೆ. ಸಂಸದೀಯ ಸಭೆಯೂ ಸೇನಾ ದಂಗೆಯಾದ ದೇಶದ ವಿಭಾಗವನ್ನು, ಅಂದರೆ ಆ ದೇಶದ ಸಂಸದರ ಗುಂಪನ್ನು, ಅಮಾನತಿನಲ್ಲಿ ಇಡುತ್ತದೆ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಜನ ಆರಿಸಿದವರನ್ನು ಓಡಿಸಿ, ಸೈನ್ಯ ತಾನೇ ಹೆಸರಿಸಿದವರನ್ನು ತಂದು ಅದೇ ಕುರ್ಚಿಯಲ್ಲಿ ಕೂರಿಸಿದರೆ ಒಪ್ಪಿಕೊಳ್ಳಲು ಆಗುತ್ತಾ?

ಆದರೆ ದಂಗೆ ಅಂದರೆ ಯಾವಾಗಲೂ ಟ್ಯಾಂಕ್ ಬರಬೇಕು ಅಂತೇನಿಲ್ಲ. ಟುನೀಷಿಯಾ ನೋಡಿ. 2021ರ ಜುಲೈ 25ರ ರಾತ್ರಿ, ಜನರೇ ಆರಿಸಿದ್ದ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತು ಮಾಡಿದರು. ಸ್ಪೀಕರ್ ರಾಶಿದ್ ಘನ್ನೂಶಿ ಕಾರಿನಲ್ಲಿ ಬಂದರೆ ಗೇಟಿಗೆ ಬೀಗ. ಒಳಗೆ ಸೈನಿಕರು. 80 ವರ್ಷದ ಮನುಷ್ಯ ಗೇಟಿನ ಎದುರು ಕಾರಿನಲ್ಲೇ ಗಂಟೆಗಟ್ಟಲೆ ಕೂತರು. ಬಾಗಿಲು ತೆಗೆಯಲಿಲ್ಲ. ಎಂಟು ತಿಂಗಳಾದ ಮೇಲೆ, 2022ರ ಮಾರ್ಚ್ 30ರಂದು, ಸಂಸದರು ಆನ್‌ಲೈನ್‌ನಲ್ಲೇ ಅಧಿವೇಶನ ಮಾಡಿದರು. ಒಟ್ಟು 217 ಸ್ಥಾನದ ಸದನ ಅದು. 116 ಜನ ಅಧ್ಯಕ್ಷರ ಕ್ರಮ ರದ್ದಾಗಲಿ ಅಂತ ಮತ ಹಾಕಿದರು. ಅವತ್ತೇ ಅಧ್ಯಕ್ಷರು ಸಂಸತ್ತನ್ನು ವಿಸರ್ಜಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಫ್ರಾಂಕೊಫೋನಿ ಶೃಂಗಸಭೆ ನಡೆದದ್ದೆಲ್ಲಿ ಗೊತ್ತಾ? ಟುನೀಷಿಯಾದ ಜೆರ್ಬಾ ದ್ವೀಪದಲ್ಲಿ. ಆಗ ಆ ದೇಶದಲ್ಲಿ ಸಂಸತ್ತೇ ಇರಲಿಲ್ಲ. ಇದು ನನಗೆ ಇವತ್ತಿಗೂ ಸಂಕಟ. 2023ರ ಏಪ್ರಿಲ್‌ನಲ್ಲಿ ಘನ್ನೂಶಿ ಬಂಧನವೂ ಆಯಿತು.

ಈಗ ನಿಮ್ಮ ಎರಡನೇ ಮಾತು. 1970ರ ಮಾರ್ಚ್ 20ರಂದು ಈ ದೇಶಗಳ ಸರ್ಕಾರಗಳ ಒಕ್ಕೂಟ ಹುಟ್ಟಿದ್ದು ನೈಜರ್‌ನ ನಿಯಾಮೆಯಲ್ಲಿ. 2023ರ ಜುಲೈನಲ್ಲಿ ಅಲ್ಲಿ ದಂಗೆ ಆಯಿತು, ಅಮಾನತಾಯಿತು. 2025ರ ಮಾರ್ಚ್‌ನಲ್ಲಿ ನೈಜರ್, ಮಾಲಿ, ಬುರ್ಕಿನಾ ಫಾಸೊ ಮೂರೂ ತಾವಾಗಿಯೇ ಹೊರಟವು. ತೊಟ್ಟಿಲು ಕಟ್ಟಿದ ಮನೆಯೇ ಬಿಟ್ಟು ಹೋದ ಹಾಗೆ. ಅಮಾನತು ಅಂದರೆ ಬಾಗಿಲು ಅರ್ಧ ಮುಚ್ಚಿದ ಹಾಗೆ, ಮಾತಿಗೆ ದಾರಿ ಇರುತ್ತೆ. ಹೊರಗೇ ಹೋದವರನ್ನು ಕೇಳುವುದು ಕಷ್ಟ. ಅದಕ್ಕೇ ನಾನು ಹೇಳೋದು: ವಿಭಾಗ ಅಮಾನತು ಮಾಡಿ, ಪದಚ್ಯುತ ಸಂಸದರ ಹೆಸರು ಮಾತ್ರ ಬಿಡಬೇಡಿ. ಅಂತರ ಸಂಸದೀಯ ಒಕ್ಕೂಟದಲ್ಲಿ 1976ರಿಂದ ಒಂದು ಸಮಿತಿ ಇದೆ. ಜೈಲಿನಲ್ಲಿರುವ, ಬೆದರಿಕೆ ಇರುವ ಸಂಸದರ ಒಬ್ಬೊಬ್ಬರ ಪ್ರಕರಣವನ್ನೂ ಅದು ಹೆಸರು ಹಿಡಿದು ಕೇಳುತ್ತದೆ. ಆ ಕೆಲಸ ನಿಲ್ಲಬಾರದು.

ನಾಗರಾಜ್: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರೂ ಓದಿ: "14 ಆಫ್ರಿಕನ್ ದೇಶಗಳು ಇಂದಿಗೂ ಫ್ರಾನ್ಸಿಗೆ ಗುಲಾಮಗಿರಿ ತೆರಿಗೆ ಕಟ್ಟುತ್ತಿವೆ! ಆದಾಯದ ಅರ್ಧ!" ಇದಕ್ಕೇನಂತೀರಿ ಮೇಡಂ?

ವಸುಧಾ: ತಪ್ಪು ಅಂತೀನಿ. ತೆರಿಗೆ ಅಲ್ಲ, ಆದಾಯದ ಅರ್ಧವೂ ಅಲ್ಲ. ಸಿಎಫ್ಎ ಫ್ರಾಂಕ್ ಅನ್ನುವ ಕರೆನ್ಸಿ ಬಳಸುವ 14 ದೇಶಗಳು ವಿದೇಶಿ ವಿನಿಮಯ ಮೀಸಲಿನ ಅರ್ಧವನ್ನು ಫ್ರಾನ್ಸಿನ ಖಜಾನೆಯಲ್ಲಿ ಠೇವಣಿ ಇಡಬೇಕಿತ್ತು. ದುಡ್ಡು ಅವರದ್ದೇ. ಪಶ್ಚಿಮ ಆಫ್ರಿಕಾದ 8 ದೇಶಗಳಿಗೆ ಆ ಷರತ್ತು ಬೇಡ ಅಂತ 2019ರ ಡಿಸೆಂಬರ್‌ನಲ್ಲಿ ಒಪ್ಪಂದ ಆಯಿತು, ಆಮೇಲೆ ಫ್ರೆಂಚ್ ಸಂಸತ್ತು ಅದನ್ನು ಒಪ್ಪಿತು. ನಮ್ಮ ದುಡ್ಡಿನ ಮೇಲೆ ನಮಗೇ ಹಿಡಿತ ಇಲ್ಲ ಅನ್ನುವ ಅಲ್ಲಿಯವರ ಸಿಟ್ಟು ನಿಜವಾದದ್ದು. ಇಂಥ ಸುಳ್ಳು ಬೆರೆಸಿ ಆ ಸಿಟ್ಟಿನ ಬೆಲೆ ಕಳೀಬೇಡಿ.

ಪ್ರಕಾಶ್: ಇಂಡಿಯಾ ಇದರಲ್ಲಿ ಮೆಂಬರಾ ಮೇಡಂ?

ವಸುಧಾ: ಅಲ್ಲ. ಮೇಲೆ ಇದೆ.

ಸುಮಾ: ಕೆನಡಾ ಒಂದು ದೇಶ. ಆದರೆ ಕ್ಯುಬೆಕ್ ಪ್ರಾಂತ್ಯದ ಶಾಸಕರು ಬೇರೆಯೇ ವಿಭಾಗವಾಗಿ ಕೂರ್ತಾರಂತೆ. ಅದು ಹೇಗೆ? ನಮ್ಮ ವಿಧಾನಸಭೆಯೂ ಹಾಗೆ ನೇರವಾಗಿ ಮಾತಾಡಬಹುದಾ?

ನಾಗರಾಜ್: ಫಾರ್ವರ್ಡ್ ಬಿಡಿ. ಗುಲಾಮರ ಮೇಲೆ ಹೇರಿದ ಭಾಷೆ ಇಟ್ಟುಕೊಂಡು ಸಂಘ ಕಟ್ಟೋದು ಏನು ಹೆಮ್ಮೆ? 2023ರಲ್ಲಿ ಮಾಲಿ ತನ್ನ ಸಂವಿಧಾನದಲ್ಲಿ ಫ್ರೆಂಚನ್ನು ಅಧಿಕೃತ ಸ್ಥಾನದಿಂದ ತೆಗೆಯಿತು. ಸರಿಯಾಗೇ ಮಾಡಿತು.

ಶೈಲಾ: ತೆಗೆದದ್ದು ಸೈನ್ಯದ ಸರ್ಕಾರ. ಅದನ್ನೂ ಹೇಳಿ ನಾಗರಾಜ್.

ನಾಗರಾಜ್: ಯಾರು ತೆಗೆದರೇನು? ಬಂಬಾರಾ ಮಾತಾಡುವ ರೈತನಿಗೆ ಫ್ರೆಂಚ್‌ನಲ್ಲಿ ನೋಟಿಸ್ ಯಾಕೆ? ಇಲ್ಲಿ ಬ್ಯಾಂಕಲ್ಲಿ ಹಿಂದಿ ಚಲನ್ ಕೊಟ್ಟರೆ ನೀವೇ ಮೊದಲು ಜಗಳ ಆಡ್ತೀರಿ.

ಶೈಲಾ: ಆಡ್ತೀನಿ. ಕನ್ನಡ ನನ್ನ ಹಕ್ಕು. ಅದಕ್ಕೆ ಸಂಸತ್ತು ಮುಚ್ಚು ಅನ್ನಲ್ಲ. ಕ್ಯುಬೆಕ್ 1977ರಲ್ಲಿ ಶಾಸನಸಭೆಯಲ್ಲೇ ಭಾಷಾ ಕಾನೂನು ಮಾಡಿ ಫ್ರೆಂಚ್ ಉಳಿಸಿಕೊಂಡಿತು. ಬಂದೂಕು ತರಲಿಲ್ಲ.

ನಾಗರಾಜ್: ಕ್ಯುಬೆಕ್ ಶ್ರೀಮಂತರ ನಾಡು. ಮಾಲಿ ಜೊತೆ ಹೋಲಿಸ್ತೀರಲ್ಲ, ನಿಮಗೆ ಭೂಪಟ ಗೊತ್ತಾ?

ಶೈಲಾ: ಭೂಪಟ ನನಗೆ ಬೇಡ, ಮರ್ಯಾದೆಯಾಗಿ ಮಾತಾಡೋದು ನೀವು ಕಲಿಯಿರಿ.

ವಸುಧಾ: ಇಬ್ಬರೂ ನಿಲ್ಲಿಸಿ. ರೈತನ ನೋಟಿಸ್ ಬಗ್ಗೆ ನಾಗರಾಜ್ ಹೇಳಿದ್ದು ಸರಿ. ಅದನ್ನು ಎತ್ತಬೇಕಾದದ್ದು ಆ ರೈತ ಆರಿಸಿ ಕಳಿಸಿದ ಸಂಸದ. ಅವನನ್ನೇ ಮನೆಗೆ ಕಳಿಸಿದ ಮೇಲೆ ರೈತನ ಮಾತು ಎತ್ತುವವರು ಯಾರು?

ವಿನಯ್: ಫ್ರೆಂಡ್ಸ್, ಉಪಯುಕ್ತ ಮಾಹಿತಿ. "ಫ್ರಾಂಕೊಫೋನಿ ಸದಸ್ಯತ್ವ ಕಾರ್ಡ್ ಮಾಡಿಸಿ, ಎಲ್ಲಾ ಫ್ರೆಂಚ್ ದೇಶಗಳಿಗೆ ವೀಸಾ ಇಲ್ಲದೆ ಹೋಗಿ, ಕೆಲಸ ಖಚಿತ." ನಂಬರ್ ಬೇಕಾದವರು ಇನ್‌ಬಾಕ್ಸ್ ಮಾಡಿ.

ವಸುಧಾ: ಅಂಥ ಕಾರ್ಡ್ ಇಲ್ಲ. ಇದು ದೇಶಗಳ ಸಂಘ, ನಿಮಗೆ ನನಗೆ ಸದಸ್ಯತ್ವ ಇಲ್ಲ. ಇದರಿಂದ ಯಾರಿಗೂ ವೀಸಾ ತಪ್ಪಲ್ಲ. ಮಂಜುಳಾ ಅವರೇ, ನೀವೂ ಓದಿ, ಒಂದು ರೂಪಾಯಿಯನ್ನೂ ಕಳಿಸಬೇಡಿ. ವಿನಯ್, ನೋಡದೆ ಇದನ್ನು ಹಾಕಿದ್ದು ತಪ್ಪು. ಯಾರದೋ ಮಗನ ಫೀಸ್ ದುಡ್ಡು ಹೋಗುತ್ತೆ.

ವಿನಯ್: ನಾನು ಸುಮ್ನೆ ಬಂದದ್ದನ್ನು ಹಾಕಿದೆ. ಇಷ್ಟು ಸಿಟ್ಟು ಯಾಕೆ?

ವಸುಧಾ: ಸುಮ್ನೆ ಹಾಕಿದ್ದಕ್ಕೇ ಸಿಟ್ಟು.

ನಿರ್ವಾಹಕರು: ವಿನಯ್ ಪೋಸ್ಟ್ ತೆಗೆಯುತ್ತೇವೆ. ಭಾಷೆಯ ಜಗಳ ಇಲ್ಲಿಗೆ ಸಾಕು.

ಮಂಜುಳಾ: ಪಿಆರ್‌ಗೆ ಎಷ್ಟು ಅಂಕ ಅಂತಾದರೂ ಹೇಳಿ ಮೇಡಂ.

ಸುಮಾ: ನನ್ನ ಕ್ಯುಬೆಕ್ ಪ್ರಶ್ನೆ?

ಕಿರಣ್: ಮೇಡಂ, ಇನ್ನೊಂದೇ. ಹೈಟಿಯಲ್ಲಿ ದಂಗೆ ಆಗಲಿಲ್ಲ, ಆದರೂ ಸಂಸತ್ತು ಹೋಯಿತು. ಅಲ್ಲಿ ಯಾರನ್ನು ಅಮಾನತು ಮಾಡೋದು?

ವಸುಧಾ: ಯಾರನ್ನೂ ಅಲ್ಲ ಕಿರಣ್. ಅಲ್ಲಿ ಸಂಸತ್ತನ್ನು ಯಾರೂ ಮುಚ್ಚಲಿಲ್ಲ, ಅದು ಖಾಲಿಯಾಗುತ್ತಾ ಬಂತು. 2020ರ ಜನವರಿಯಲ್ಲಿ ಕೆಳಮನೆಯ ಅವಧಿ ಮುಗಿಯಿತು, ಚುನಾವಣೆ ಆಗಲಿಲ್ಲ. 2021ರ ಜುಲೈನಲ್ಲಿ ಅಧ್ಯಕ್ಷ ಮೊಯಿಸ್ ಅವರ ಹತ್ಯೆ ಆಯಿತು. ಮೇಲ್ಮನೆಯಲ್ಲಿ ಉಳಿದಿದ್ದವರು 10 ಜನ. 2023ರ ಜನವರಿಯಲ್ಲಿ ಅವರ ಅವಧಿಯೂ ಮುಗಿಯಿತು. ಇಡೀ ದೇಶದಲ್ಲಿ ಜನ ಆರಿಸಿ ಕಳಿಸಿದವರು ಒಬ್ಬರೂ ಉಳಿಯಲಿಲ್ಲ.

ಇಂಥ ಕಡೆ ಭಾಷಣದಿಂದ ಉಪಯೋಗ ಇಲ್ಲ. ಸಂಸತ್ತುಗಳ ಸಹಕಾರದಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಭಾಗ ಇದೆ. ಗುಮಾಸ್ತರು, ನಡಾವಳಿ ಬರೆಯುವವರು, ಗ್ರಂಥಾಲಯದವರು. ಅವರಿಗೆ ತರಬೇತಿ ಕೊಡುವುದು, ಹಳೆಯ ಕಡತ ಉಳಿಸುವುದು. ಚುನಾವಣೆ ಆಗಿ ಹೊಸಬರು ಬಂದು ಕೂತ ದಿನ, ಮಸೂದೆ ಹೇಗೆ ಮಂಡಿಸಬೇಕು, ಹಳೆಯ ಕಾನೂನು ಯಾವ ಬೀರುವಿನಲ್ಲಿದೆ ಅಂತ ಹೇಳಲು ನಾಲ್ಕು ಜನ ಅಲ್ಲಿ ಇರಬೇಕಲ್ವಾ?