ಅಪ್‌ಡೇಟ್: ಹಿಂದಿನ ಸ್ಪೀಕರ್ ಕೊನೆಗೂ ಬಾಯಿ ಬಿಟ್ಟಿತು!

ಹೋದ ವಾರ ಕೇಳಿದ್ದೆನಲ್ಲ, 5.1.2 ಸೌಂಡ್‌ಬಾರ್ (ಸುತ್ತಲಿನ ಐದು ಚಾನೆಲ್, ಒಂದು ಸಬ್‌ವೂಫರ್, ಮೇಲಿನ ಸದ್ದಿಗೆ ಎರಡು) ತಂದರೂ ನಮ್ಮ ಬೆನ್ನ ಹಿಂದಿನ ಎರಡು ಸ್ಪೀಕರ್ ಸುಮ್ಮನಿವೆ, ಅಟ್ಮಾಸ್ (ತಲೆಮೇಲಿಂದಲೂ ಸದ್ದು ಕೇಳಿಸುವ ಡಾಲ್ಬಿ ತಂತ್ರ) ಬರುತ್ತಲೇ ಇಲ್ಲ ಅಂತ. ಸೌಂಡ್‌ಬಾರ್ ಸರಿಯಾಗೇ ಇತ್ತು. ತಪ್ಪೆಲ್ಲ ನನ್ನದೇ.

ನಾನು ಆಪ್ಟಿಕಲ್ ಕೇಬಲ್ ಹಾಕಿದ್ದೆ. ಅದರಲ್ಲಿ ಹೆಚ್ಚೆಂದರೆ ಹಳೆಯ ಡಾಲ್ಬಿ ಡಿಜಿಟಲ್ 5.1 ಹೋಗುತ್ತದೆ. ಓಟಿಟಿಯವರು ಅಟ್ಮಾಸನ್ನು ಸಾಮಾನ್ಯವಾಗಿ ಕಳಿಸುವುದು ಡಾಲ್ಬಿ ಡಿಜಿಟಲ್ ಪ್ಲಸ್‌ನಲ್ಲಿ, ಅದು ಆಪ್ಟಿಕಲ್‌ನಲ್ಲಿ ಹೋಗುವುದೇ ಇಲ್ಲ. ನೀವು ಹೇಳಿದಂತೆ ಟಿವಿ ಹಿಂದೆ ಟಾರ್ಚ್ ಹಿಡಿದು ಹುಡುಕಿದೆ. ಮೂರು ಎಚ್‌ಡಿಎಂಐ ಪೋರ್ಟ್‌ಗಳಲ್ಲಿ ಒಂದರ ಪಕ್ಕದಲ್ಲಿ ಮಾತ್ರ ‘ಎಆರ್‌ಸಿ’ (ಟಿವಿಯ ಸದ್ದನ್ನು ಸೌಂಡ್‌ಬಾರ್‌ಗೆ ಕಳಿಸುವ ಪೋರ್ಟ್) ಅಂತ ಸಣ್ಣಕ್ಷರದಲ್ಲಿತ್ತು. ಆಪ್ಟಿಕಲ್ ತೆಗೆದು ಅಲ್ಲಿಗೆ ಎಚ್‌ಡಿಎಂಐ ಕೇಬಲ್ ಹಾಕಿದೆ.

ಆದರೂ ಹಿಂದಿನಿಂದ ಸದ್ದಿಲ್ಲ! ನೋಡಿದರೆ ಟಿವಿಯ ಆಡಿಯೊ ಔಟ್‌ಪುಟ್ ‘ಪಿಸಿಎಂ’ನಲ್ಲಿತ್ತು. ಅಂದರೆ ಟಿವಿ ತಾನೇ ಎಲ್ಲವನ್ನೂ ಬಿಡಿಸಿ ಎರಡೇ ಚಾನೆಲ್ ಮಾಡಿ ಕಳಿಸುತ್ತಿತ್ತು. ‘ಪಾಸ್‌ಥ್ರೂ’ (ಬಿಡಿಸದೆ ಹಾಗೇ ಕಳಿಸುವುದು) ಮಾಡಿದ ಕೂಡಲೇ ಸೌಂಡ್‌ಬಾರ್ ಮೇಲೆ ಅಟ್ಮಾಸ್ ಅಂತ ಬಂತು. ಮಳೆ ಸದ್ದು ನಿಜಕ್ಕೂ ತಲೆಮೇಲೆ.

ಇಎಆರ್‌ಸಿ (ಎಆರ್‌ಸಿಯ ಹೊಸ, ಹೆಚ್ಚು ಸಾಮರ್ಥ್ಯದ ರೂಪ) ಇರುವ ಹೊಸ ಟಿವಿ ಬೇಕಾ ಅಂತಲೂ ಕೇಳಿದ್ದೆ. ಬೇಡ. ಅದು ಬೇಕಾಗುವುದು ಬ್ಲೂ-ರೇ ಡಿಸ್ಕ್‌ನ ಟ್ರೂಎಚ್‌ಡಿಯಂಥ ದೊಡ್ಡ ಆಡಿಯೊಗೆ, ನಮ್ಮನೇಲಿ ಡಿಸ್ಕೇ ಇಲ್ಲ.

ಅಮ್ಮನ ಧಾರಾವಾಹಿಗೆ ಹಿಂದಿನ ಸ್ಪೀಕರ್ ಈಗಲೂ ಮೌನ. ಮೂಲವೇ ಸ್ಟೀರಿಯೊ ಆದರೆ ಅಷ್ಟೇ ಅಂತೆ. ಇನ್ನುಳಿದದ್ದು ಒಂದೇ: ತುಟಿಗಿಂತ ಮಾತು ಚೂರು ತಡ. ಇವತ್ತು ರಾತ್ರಿ ಆಡಿಯೊ ಡಿಲೇ ಸೆಟ್ಟಿಂಗ್ ಕಡಿಮೆ ಮಾಡಿ ನೋಡುತ್ತೇನೆ.